ಹವಳದ ಕವಿಸಮಯವೂ ನೇತ್ರಾಣಿಯ ಹವಳವೂ

ಹವಳವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಒಂದು ಬಣ್ಣ. ಮುತ್ತು ಹಲ್ಲಿಗೆ, ಹವಳ ತುಟಿಗೆ ಎಂಬ ಹಂಚಿಕೆ ನಮ್ಮ ಕಾವ್ಯದಲ್ಲಿ ಎಷ್ಟು ಹಳೆಯದೆಂದರೆ, ಅದನ್ನು ಬಳಸಿದ ಕವಿಯಾಗಲಿ ಓದಿದ ಸಹೃದಯನಾಗಲಿ ಹವಳವನ್ನು ಕಣ್ಣಾರೆ ಕಂಡಿರಬೇಕಾದ ಅಗತ್ಯವಿರಲಿಲ್ಲ. ಕವಿಸಮಯದ ಸ್ವಭಾವವೇ ಅಂಥದು. ಚಕೋರವು ಬೆಳದಿಂಗಳನ್ನು ಕುಡಿಯುವುದನ್ನು ಕಂಡವರಾರೂ ಇಲ್ಲ. ಕಾಣದಿದ್ದುದರಿಂದ ಕಾವ್ಯಕ್ಕೆ ನಷ್ಟವೂ ಆಗಿಲ್ಲ. ಆದರೆ ಹವಳ ಚಕೋರದಂತೆ ಕಲ್ಪನೆಯಲ್ಲಿ ಮಾತ್ರ ಹಾರಾಡುವ ವಸ್ತುವಲ್ಲ. ಅದನ್ನು ನಮ್ಮವರು ತೂಗಿ ಕೊಂಡಿದ್ದಾರೆ, ಕರಿಮಣಿಯ ನಡುವೆ ಪೋಣಿಸಿ ಧರಿಸಿದ್ದಾರೆ, ನವರತ್ನಗಳಲ್ಲಿ ಎಣಿಸಿ ಕುಜನಿಗೆ ಒಪ್ಪಿಸಿದ್ದಾರೆ, ಸುಟ್ಟು ಭಸ್ಮ ಮಾಡಿ ಔಷಧವಾಗಿ ಸೇವಿಸಿದ್ದಾರೆ. ಇಷ್ಟೆಲ್ಲ ಪರಿಚಯವಿದ್ದೂ ಹವಳವೊಂದು ಪ್ರಾಣಿಯ ಕೆಲಸವೆಂಬುದು ನಮ್ಮ ಸೌಂದರ್ಯಪ್ರಜ್ಞೆಯೊಳಗೆ ಇಳಿಯಲಿಲ್ಲ. ಈಚಿನ ವರ್ಷಗಳಲ್ಲಿ ಹೊನ್ನಾವರ, ಭಟ್ಕಳ, ಕುಮಟೆಗಳ ಕಡಲ ತೀರದಲ್ಲಿ ಹವಳದ ಛಾಯಾಚಿತ್ರಗಳು ಹೇರಳವಾಗಿ ಕಾಣಸಿಗುತ್ತಿವೆ. ಅವು ಹಳೆಯ ಕವಿಸಮಯವನ್ನು ಮುರಿದಿವೆಯೇ, ಅಥವಾ ಹೊಸ ಸಾಧನದಿಂದ ಅದನ್ನೇ ಮುಂದುವರಿಸಿವೆಯೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕೈಯಿಂದ ಮಾಡಿದ ಕಲೆಯನ್ನು ಜೊತೆಗಿಟ್ಟು ನೋಡಿದಲ್ಲದೆ ಈ ಪ್ರಶ್ನೆಗೆ ಉತ್ತರ ದೊರೆಯದೆಂದು ನಮಗೆ ತೋರುತ್ತದೆ.

ಮೊದಲು ಶಬ್ದವನ್ನು ನೋಡೋಣ. ಸಂಸ್ಕೃತದ ಪ್ರವಾಳ ಹಳಗನ್ನಡದಲ್ಲಿ ಪವಳವಾಗಿ, ಮುಂದೆ ಪಕಾರವು ಹಕಾರವಾಗಿ ಹವಳವಾಯಿತು. ಪ್ರವಾಳವೆಂದರೆ ಚಿಗುರು ಎಂದೂ ಅರ್ಥ. ಅದರ ಇನ್ನೊಂದು ಹೆಸರಾದ ವಿದ್ರುಮದಲ್ಲಿ ದ್ರುಮ, ಎಂದರೆ ಮರ, ಅಡಗಿದೆ. ಹೆಸರಿಟ್ಟವರು ಕವಲೊಡೆದ ಕೆಂಪು ಕೊಂಬೆಯನ್ನು ಕಂಡು ಅದನ್ನು ಕಡಲೊಳಗಿನ ಗಿಡವೆಂದು ತಿಳಿದರೆಂಬುದು ಸ್ಪಷ್ಟ. ಇದರಲ್ಲಿ ನಮ್ಮವರು ಒಂಟಿಯಲ್ಲ. ಯುರೋಪಿನಲ್ಲಿ 18ನೆಯ ಶತಮಾನದ ಆರಂಭದಲ್ಲಿ ಮಾರ್ಸಿಲಿ ಎಂಬ ವಿದ್ವಾಂಸನು ಹವಳದ ಕೊಂಬೆಯನ್ನು ಕಡಲ ನೀರಿನಲ್ಲಿಟ್ಟಾಗ ಅದರ ಮೇಲೆ ಬಿಳಿಯ ಎಸಳುಗಳು ಅರಳಿದುದನ್ನು ಕಂಡು ಹವಳದ ಹೂವು ದೊರೆಯಿತೆಂದು ಹಿಗ್ಗಿದನು. ಕೆಲವು ವರ್ಷಗಳ ಮೇಲೆ ಮಾರ್ಸೇಲ್ಸಿನ ವೈದ್ಯ ಪೆಯ್ಸೊನೆಲ್ ಅವು ಎಸಳುಗಳಲ್ಲ, ಒಂದು ಪ್ರಾಣಿಯ ತೋಳುಗಳು ಎಂದು ವಾದಿಸಿದಾಗ ಪಂಡಿತರು ಅವನನ್ನು ನಂಬಲಿಲ್ಲ. ಹೂವೆಂಬ ಭಾವನೆ ಅಷ್ಟು ಸುಂದರವಾಗಿತ್ತು! ಚೆಲುವಿನ ಒಂದು ಕಲ್ಪನೆ ಕಣ್ಣೆದುರಿನ ಸಂಗತಿಯನ್ನೇ ಮರೆಸಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. 16ನೆಯ ಶತಮಾನದ ಆರಂಭದಲ್ಲಿ ಈ ತೀರವನ್ನು ಬಲ್ಲ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನು ಭಟ್ಕಳದ ವ್ಯಾಪಾರವನ್ನು ವರ್ಣಿಸುವಾಗ, ಅಲ್ಲಿ ಹಡಗುಗಳಿಂದಿಳಿದು ಮಾರಾಟವಾಗುತ್ತಿದ್ದ ಸರಕುಗಳಲ್ಲಿ ತಾಮ್ರ, ಪಾದರಸ, ಇಂಗಲಿಕಗಳ ಜೊತೆಗೆ ಹವಳವನ್ನೂ ಹೆಸರಿಸುತ್ತಾನೆ. ಆ ಹವಳದ ಹುಟ್ಟೂರು ಮೆಡಿಟರೇನಿಯನ್ ಸಮುದ್ರ. ಇಟಲಿ ಮತ್ತು ಉತ್ತರ ಆಫ್ರಿಕದ ತೀರಗಳಲ್ಲಿ ಕಿತ್ತ ಕೊಂಬೆ ಹಡಗು ಹಡಗು ದಾಟಿ ಭಟ್ಕಳದಲ್ಲಿ ಇಳಿದು, ಎತ್ತಿನ ಬೆನ್ನೇರಿ ಘಟ್ಟ ಹತ್ತಿ ವಿಜಯನಗರದ ಸೀಮೆಗೆ ಹೋಗಬೇಕು. ಭಾರತೀಯರು ಹವಳಕ್ಕೆ ಕೊಡುವ ಬೆಲೆಯನ್ನು ಕಂಡು ರೋಮಿನ ಪ್ಲಿನಿ ಅದಕ್ಕೂ ಸಾವಿರದೈನೂರು ವರ್ಷಗಳ ಹಿಂದೆಯೇ ಬೆರಗಾಗಿದ್ದನು. ಹೀಗಿರುವಾಗ ಒಂದು ಸೋಜಿಗದ ಕಡೆಗೆ ಓದುಗರ ಗಮನವನ್ನು ಸೆಳೆಯಬಯಸುತ್ತೇವೆ. ಹವಳದ ಸರಕನ್ನು ಹೊತ್ತು ಭಟ್ಕಳಕ್ಕೆ ಬರುತ್ತಿದ್ದ ಹಡಗುಗಳಿಗೆ ರೇವಿನ ಸಮೀಪದಲ್ಲೇ, ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಒಂದು ಗುಡ್ಡದ ದ್ವೀಪ ಕಾಣುತ್ತಿದ್ದಿರಬೇಕು. ಅದರ ಬುಡದಲ್ಲಿ ನೀರಿನೊಳಗೆ ಜೀವಂತ ಹವಳವಿತ್ತು. ಅದು ಯಾರಿಗೂ ಬೇಡವಾಗಿತ್ತು. ನೇತ್ರಾಣಿಯೆಂದೂ ಪಾರಿವಾಳ ದ್ವೀಪವೆಂದೂ ಕರೆಯುವ ನಡುಗಡ್ಡೆ ಅದು.

ಬೇಡವಾದುದಕ್ಕೆ ಕಾರಣವುಂಟು. ಕನ್ನಡದಲ್ಲಿ ಹವಳವೆಂಬ ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಜೀವಿಗಳು ಸೇರಿಕೊಂಡಿವೆ. ಒಡವೆಯ ಹವಳ ಬೆಳಕು ಕಡಮೆಯಾದ ಆಳದಲ್ಲಿ, ಕಡಲಡಿಯ ಗವಿಗಳಲ್ಲಿ ಬೆಳೆಯುವಂಥದು. ಅದರ ಒಂದೊಂದು ಜೀವಿಗೂ ಎಂಟು ತೋಳು. ಅದರ ಕೆಂಪು ಇರುವುದು ಎಲುಬಿನಲ್ಲಿ. ಆದ್ದರಿಂದ ಪ್ರಾಣಿ ಸತ್ತರೂ ಬಣ್ಣ ಸಾಯುವುದಿಲ್ಲ. ಅರೆದು, ತೂತು ಕೊರೆದು, ಮೆರುಗು ಕೊಟ್ಟರೆ ಅಜ್ಜಿಯ ಸರ ಮೊಮ್ಮಗಳ ಕೊರಳಿಗೂ ಅದೇ ಕೆಂಪಿನಲ್ಲಿ ಬರುತ್ತದೆ. ನೇತ್ರಾಣಿಯ ಹವಳವಾದರೋ ದಿಬ್ಬ ಕಟ್ಟುವ ಜಾತಿಯದು. ಅದಕ್ಕೆ ಆರಾರರ ಲೆಕ್ಕದಲ್ಲಿ ತೋಳುಗಳು. ಅದರ ಎಲುಬು ಬರಿಯ ಬಿಳಿ ಸುಣ್ಣ. ಬಣ್ಣವಿರುವುದು ಮೇಲಿನ ತೆಳುವಾದ ಮಾಂಸದಲ್ಲಿ, ಆ ಮಾಂಸದೊಳಗೆ ಮನೆ ಮಾಡಿಕೊಂಡ ಸೂಕ್ಷ್ಮ ಪಾಚಿಯಲ್ಲಿ. ಕಿತ್ತು ದಡಕ್ಕೆ ತಂದರೆ ಬಣ್ಣ ಹೋಗಿ ಕಲ್ಲು ಉಳಿಯುತ್ತದೆ. ಇದನ್ನು ಒಡವೆಯಾಗಿ ಧರಿಸುವಂತಿಲ್ಲ. 2001ರಿಂದೀಚೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿರುವುದರಿಂದ ಕಿತ್ತು ತರುವಂತೆಯೂ ಇಲ್ಲ. ಹುಲಿಗೆ ಇರುವ ರಕ್ಷಣೆ ಇದಕ್ಕೂ ಇದೆ. ಇಂಥ ಹವಳದ ಚೆಲುವನ್ನು ನೀರಿನಿಂದ ಹೊರಗೆ ತರಲು ಎರಡೇ ದಾರಿಗಳು ಉಳಿಯುತ್ತವೆ: ಬೆಳಕಿನಿಂದ ಬರೆಯುವುದು, ಕೈಯಿಂದ ಮಾಡುವುದು.

ಬೆಳಕಿನ ಬರಹದ ಕಥೆ ಚಿಕ್ಕದಲ್ಲ. ಇಲ್ಲಿ ಬೇಕಾದಷ್ಟನ್ನೇ ಹೇಳುತ್ತೇವೆ. ಫ್ರಾನ್ಸಿನ ಲೂಯಿ ಬೂತಾನ್ 1893ರಲ್ಲಿ ಬಾನ್ಯುಲ್ಸ್ ಎಂಬಲ್ಲಿ ಕ್ಯಾಮೆರಾವನ್ನು ನೀರಿಗಿಳಿಸಿ ಚಿತ್ರ ತೆಗೆದನು. ಅಮೆರಿಕದ ಲಾಂಗ್ಲಿ ಮತ್ತು ಮಾರ್ಟಿನ್ ಎಂಬಿಬ್ಬರು 1926ರಲ್ಲಿ ಫ್ಲಾರಿಡದ ತೀರದಲ್ಲಿ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ, ಆ ಮಿಂಚಿನಲ್ಲಿ ನೀರಿನಡಿಯ ಮೊದಲ ವರ್ಣಚಿತ್ರಗಳನ್ನು ಪಡೆದರು. ಪುಡಿ ಸಿಡಿಸಬೇಕಾದುದೇಕೆ? ನೀರು ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಎಲ್ಲಕ್ಕಿಂತ ಬೇಗ ಹೀರಿಬಿಡುತ್ತದೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಮಟ್ಟಿಗೆ ಇಲ್ಲವಾಗಿ, ಹಸಿರು ನೀಲಿಗಳ ಮಬ್ಬು ಉಳಿಯುತ್ತದೆ. ಅಲ್ಲಿ ಮುಳುಗಿದವನ ಬೆರಳು ಕುಯ್ದು ರಕ್ತ ಬಂದರೆ ಅದೂ ಕಪ್ಪಾಗಿಯೇ ಕಾಣುತ್ತದೆ. ಆ ಆಳದಲ್ಲಿ ತೆಗೆದ ಛಾಯಾಚಿತ್ರದಲ್ಲಿ ಕೆಂಪು, ಕಿತ್ತಳೆಗಳು ಉರಿಯುತ್ತಿದ್ದರೆ, ಅವು ಫ್ಲ್ಯಾಷ್ ದೀಪ ಕೊಟ್ಟವು, ಅಥವಾ ಆಮೇಲೆ ಗಣಕಯಂತ್ರದಲ್ಲಿ ಕೂಡಿಸಿದವು. ಮುಳುಗಿದವನ ಕಣ್ಣು ಕಂಡವಲ್ಲ.

ಇದನ್ನು ಮೋಸವೆಂದು ನಾವು ಹೇಳುವುದಿಲ್ಲ. ಗುಡಿಯ ಗರ್ಭಗೃಹದಲ್ಲಿ ಮಂಗಳಾರತಿಯ ಬೆಳಕಿನಲ್ಲಿ ಕಾಣುವ ಮೂರ್ತಿ ಸುಳ್ಳೆಂದು ಯಾರೂ ಹೇಳುವುದಿಲ್ಲವಷ್ಟೆ. ದೀಪ ಹಿಡಿದರೆ ವಸ್ತುವಿನಲ್ಲಿ ಇಲ್ಲದ ಬಣ್ಣ ಹುಟ್ಟುವುದಿಲ್ಲ. ನಮ್ಮ ಆಕ್ಷೇಪ ಬೇರೆಯದು. ನೇತ್ರಾಣಿಯ ಹೆಸರಿನಲ್ಲಿ ಪ್ರಚಾರಕ್ಕೆ ಬರುವ ಚಿತ್ರಗಳನ್ನು ಒಟ್ಟಿಗೆ ಹರಡಿಕೊಂಡು ನೋಡಿದರೆ ಅವುಗಳಲ್ಲಿ ಒಂದು ಏಕಸ್ವರ ಕೇಳಿಸುತ್ತದೆ. ತಿಳಿನೀಲಿ ನೀರು, ನಡುವೆ ಹೆಬ್ಬೆರಳೆತ್ತಿದ ಪ್ರವಾಸಿ, ಸುತ್ತ ಬಣ್ಣದ ಮೀನು, ಹಿನ್ನೆಲೆಯಲ್ಲಿ ಎಲ್ಲಿಯೋ ಹವಳ. ನಿಜವಾದ ನೇತ್ರಾಣಿಯ ನೀರು ವರ್ಷವಿಡೀ ಹಾಗಿರುವುದಿಲ್ಲ. ಶರಾವತಿ, ವೆಂಕಟಾಪುರ ಮೊದಲಾದ ಹೊಳೆಗಳು ಮಳೆಗಾಲದಲ್ಲಿ ಕೆಮ್ಮಣ್ಣನ್ನು ತಂದು ಸುರಿಯುವ ಕಡಲು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಳುಗುವವರ ದೋಣಿ ಅತ್ತ ಸುಳಿಯುವುದಿಲ್ಲ. ತಿಳಿಯಾದ ತಿಂಗಳುಗಳಲ್ಲಿಯೂ ಎಷ್ಟೋ ದಿನ ನೀರು ಹಸಿರು ಮಬ್ಬಾಗಿರುತ್ತದೆ. ಇಲ್ಲಿನ ಹವಳದ ಹಿರಿಮೆ ಇರುವುದೇ ಈ ಕೆಸರುಗಲಸಿದ ನೀರಿನಲ್ಲಿ ಬಾಳಿದುದರಲ್ಲಿ. ಚಿತ್ರಗಾರ ಮಬ್ಬನ್ನು ತೊಳೆದು ತೆಗೆದಾಗ ಆ ಬಾಳಿನ ಸಾಹಸವೂ ಅದರೊಡನೆ ತೊಳೆದುಹೋಗುತ್ತದೆ. ಉಳಿಯುವುದು ಯಾವ ದೇಶದ ಯಾವ ಕಡಲಿನದಾದರೂ ಆಗಬಹುದಾದ ಒಂದು ಬಣ್ಣ. ತುಟಿಗೆ ಹವಳವನ್ನು ಹೋಲಿಸಿದ ಕವಿಯೂ ಇಷ್ಟೇ ಮಾಡಿದ್ದನು. ವ್ಯತ್ಯಾಸವೆಂದರೆ ಅವನು ಅದನ್ನು ಹವಳದ ಚಿತ್ರವೆಂದು ಹೇಳಿಕೊಂಡಿರಲಿಲ್ಲ.

2022ರ ಅಕ್ಟೋಬರ್ 28ರಂದು ತೆರೆಕಂಡ 'ಗಂಧದ ಗುಡಿ' ಚಿತ್ರದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅಮೋಘವರ್ಷರು ನಿರ್ದೇಶಿಸಿದ, ದಿವಂಗತ ಪುನೀತ್ ರಾಜ್‌ಕುಮಾರರು ಕಾಣಿಸಿಕೊಂಡ ಆ ಚಿತ್ರದಲ್ಲಿ ನೇತ್ರಾಣಿಯ ನೀರಿನೊಳಗಿನ ಭಾಗವಿದೆ. ಕರ್ನಾಟಕಕ್ಕೂ ಹವಳವುಂಟೆಂಬ ಸಂಗತಿಯನ್ನು ಬಯಲುಸೀಮೆಯ ಊರೂರಿಗೆ ಮುಟ್ಟಿಸಿದ ಉಪಕಾರ ಅದರದು. ಯಾವ ಪಠ್ಯಪುಸ್ತಕವೂ ಅಷ್ಟು ಜನರನ್ನು ತಲಪಿರಲಾರದು. ಮನುಷ್ಯನ ದೇಹ ಪಕ್ಕದಲ್ಲಿರುವುದರಿಂದ ಕಡಲಡಿಯ ಬಂಡೆಗಳ ಗಾತ್ರವೂ ತಿಳಿಯುತ್ತದೆ. ಆದರೆ ಅಲ್ಲಿ ಪ್ರೇಕ್ಷಕನ ಕಣ್ಣು ಹೋಗುವುದು ನಾಯಕನ ಮೇಲೆ. ಅದರಲ್ಲೂ ಅಗಲಿದ ನಾಯಕನ ಮೇಲೆ. ಆ ದೃಶ್ಯದ ಸ್ಥಾಯಿ ಕರುಣವೇ ಹೊರತು ಅದ್ಭುತವಲ್ಲ. ಹವಳ ಅಲ್ಲಿ ಉದ್ದೀಪನ ವಿಭಾವ ಮಾತ್ರ. ಇದು ಚಿತ್ರದ ದೋಷವೆನ್ನುವುದಕ್ಕಿಂತ ಸಂದರ್ಭದ ವಿಧಿಯೆನ್ನುವುದು ನ್ಯಾಯ.

ಛಾಯಾಚಿತ್ರದ ಬಣ್ಣವನ್ನು ನಂಬುವುದರಲ್ಲಿ ಇನ್ನೂ ಗಂಭೀರವಾದ ತೊಡಕೊಂದಿದೆ. ಕಡಲು ಮಿತಿಮೀರಿ ಬಿಸಿಯಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಮಾಂಸ ಗಾಜಿನಂತಾಗಿ ಒಳಗಿನ ಬಿಳಿ ಎಲುಬು ಕಾಣುತ್ತದೆ. ಇದೇ ಬಿಳಿಚುವಿಕೆ. ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಹೀಗೆ ಬಿಳಿಚಿತು. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಲೋಕವ್ಯಾಪಿಯಾದ ನಾಲ್ಕನೆಯ ಬಿಳಿಚುವಿಕೆಯನ್ನು ಘೋಷಿಸಿದಾಗ ಲಕ್ಷದ್ವೀಪ ಮತ್ತೆ ಅದರಲ್ಲಿ ಸಿಕ್ಕಿತು. ಬಿಳಿಚಿದ ಹವಳದ ಛಾಯಾಚಿತ್ರ ಅಮೃತಶಿಲೆಯ ಶಿಲ್ಪದಂತೆ ಮನೋಹರ. ಅದಕ್ಕಿಂತಲೂ ವಿಲಕ್ಷಣವೆಂದರೆ, ಕೆಲವು ಹವಳಗಳು ಪಾಚಿ ಹೋದಮೇಲೆ ಬಿಸಿಲಿನಿಂದ ತಮ್ಮನ್ನು ಕಾಪಾಡಿಕೊಳ್ಳಲು ನೇರಳೆ, ಗುಲಾಬಿ, ಹಳದಿಗಳಲ್ಲಿ ಹೊಳೆಯತೊಡಗುತ್ತವೆ. 'ಚೇಸಿಂಗ್ ಕೋರಲ್' ಎಂಬ 2017ರ ಸಾಕ್ಷ್ಯಚಿತ್ರದಲ್ಲಿ ನ್ಯೂ ಕ್ಯಾಲಿಡೋನಿಯದ ಇಂಥ ಹೊಳಪನ್ನು ಕಾಣಬಹುದು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2020ರಲ್ಲಿ ಇದರ ಕಾರಣವನ್ನು ವಿವರಿಸಿದರು. ಆರೋಗ್ಯವಂತ ದಿಬ್ಬದ ಸಾಮಾನ್ಯ ಬಣ್ಣ ಕಂದು, ಮಾಸಲು ಹಸಿರು. ಹಾಗಾದರೆ ಪ್ರದರ್ಶನದ ಗೋಡೆಯ ಮೇಲೆ ಎರಡು ಚಿತ್ರಗಳಿದ್ದು, ಒಂದು ಕಂದಾಗಿ ಇನ್ನೊಂದು ನೇರಳೆಯಾಗಿ ಹೊಳೆಯುತ್ತಿದ್ದರೆ, ನೋಡುವವರ ಗುಂಪು ಯಾವುದರ ಮುಂದೆ ನಿಲ್ಲುತ್ತದೆ? ರೋಗಿಯ ಮುಂದೆ. ಚೆಲುವನ್ನು ಬಣ್ಣದಿಂದ ಅಳೆಯುವ ನಮ್ಮ ಅಭ್ಯಾಸ ಇಲ್ಲಿ ಬರಿಯ ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಯಾವುದನ್ನು ಚೆಲುವೆಂದು ಒಪ್ಪುತ್ತೇವೋ ಅದನ್ನು ಉಳಿಸಲು ಮುಂದಾಗುತ್ತೇವೆ. ನೇತ್ರಾಣಿಯ ವಿಷಯದಲ್ಲಂತೂ ಇದು ದೂರದ ಮಾತಲ್ಲ. ನೌಕಾಪಡೆ ಈ ದ್ವೀಪವನ್ನು ಗುರಿಯ ಅಭ್ಯಾಸಕ್ಕೆ ಬಳಸಿದ್ದುಂಟು. ಅದರ ಪಕ್ಷಿಗಳಿಗೂ ಹವಳಕ್ಕೂ ಕೇಡೆಂದು ಪರಿಸರವಾದಿಗಳು ದನಿಯೆತ್ತಿದುದೂ ಉಂಟು. ಕಣ್ಣಿಗೆ ಬರಿಯ ಬಂಡೆಯಾಗಿ ಕಾಣುವುದು ಗುರಿಯಾಗುವುದು ಸುಲಭ.

ಛಾಯಾಗ್ರಹಣಕ್ಕೆ ಬೇರೆ ದಾರಿಯಿಲ್ಲವೆಂದು ತಿಳಿಯಬಾರದು. ಆಸ್ಟ್ರೇಲಿಯದ ಮಹಾದಿಬ್ಬದ ಬಗ್ಗೆ 1893ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಸ್ಯಾವಿಲ್-ಕೆಂಟ್ ಎಂಬ ವಿದ್ವಾಂಸನು ನೀರಿಗಿಳಿಯಲೇ ಇಲ್ಲ. ಇಳಿತದ ಹೊತ್ತಿನಲ್ಲಿ ಹವಳದ ಬಯಲು ಹೊರಗೆ ಕಂಡಾಗ ದಡದಲ್ಲಿ ಕ್ಯಾಮೆರಾ ನಿಲ್ಲಿಸಿ ಚಿತ್ರ ತೆಗೆದನು. ಬಣ್ಣವಿಲ್ಲ, ಮೀನಿಲ್ಲ, ಮನುಷ್ಯನ ನಗುವಿಲ್ಲ. ಆದರೆ ಸ್ಥಳ ಗುರುತಿದೆ. ಅದರಿಂದಾಗಿ ನೂರು ವರ್ಷಗಳ ಮೇಲೆ ಅದೇ ಸ್ಥಳಗಳಲ್ಲಿ ನಿಂತು ಹೊಸ ಚಿತ್ರ ತೆಗೆದು ಹೋಲಿಸುವುದು ಸಾಧ್ಯವಾಯಿತು. ಆ ಬೂದುಬಣ್ಣದ ಪುಟಗಳಲ್ಲಿ ಹವಳದ ಮೈಯ ಬಿಲ, ಬದು, ಮಡಿಕೆಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಬಣ್ಣವನ್ನು ಬಿಟ್ಟುಕೊಟ್ಟಾಗ ಆಕಾರ ಮಾತಾಡತೊಡಗುತ್ತದೆ. ನಮ್ಮ ಕಣ್ಣಿಗೆ ಇವೇ ಹೆಚ್ಚು ಚೆಲುವಾದ ಚಿತ್ರಗಳು.

ಆಕಾರದ ಮಾತು ಬಂದುದರಿಂದ ಕೈಗಲೆಯ ವಿಚಾರಕ್ಕೆ ಹೋಗಬಹುದು. ಹವಳವನ್ನು ನೀರಿನೊಳಗೇ ಕುಳಿತು ಕಂಡು ಚಿತ್ರಿಸಿದ ಮೊದಲಿಗರಲ್ಲೊಬ್ಬನು ನಮಗೆ ಸಮೀಪದ ಕಡಲಿನಲ್ಲೇ ಆ ಕೆಲಸ ಮಾಡಿದನು. ಆಸ್ಟ್ರಿಯದ ರಾನ್ಸೊನೆ 1860ರ ದಶಕದಲ್ಲಿ ಸಿಂಹಳದ ತೀರದಲ್ಲಿ ಒಂದು ಗಂಟೆಯಾಕಾರದ ಪೆಟ್ಟಿಗೆಯೊಳಗೆ ಕುಳಿತು ಮುಳುಗಿ, ಗಾಜಿನ ಕಿಂಡಿಯಿಂದ ನೋಡುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದನು. ಆ ಚಿತ್ರಗಳು 1867ರಲ್ಲಿ ಪುಸ್ತಕವಾಗಿ ಬಂದವು. ಅವುಗಳಲ್ಲಿ ದೂರವು ಮಬ್ಬಾಗಿಯೇ ಇದೆ, ನೀರು ಹಸಿರಾಗಿಯೇ ಇದೆ. ಕಂಡುದನ್ನು ಕಂಡಂತೆ ಬರೆಯಬೇಕೆಂಬ ಹಟ ಅವನದು. ಇದಕ್ಕೆ ವಿರುದ್ಧವಾಗಿ ಜರ್ಮನಿಯ ಹೆಕಲ್‌ನ 'ಕುನ್ಸ್ಟ್‌ಫೋರ್ಮೆನ್ ಡೆರ್ ನಾಟೂರ್' (1899–1904) ಗ್ರಂಥದ ಹವಳಗಳು ಅಚ್ಚುಕಟ್ಟಾಗಿ ಎಡಬಲ ಸರಿದೂಗಿಸಿ ಜೋಡಿಸಿದ ಆಭರಣಗಳಂತಿವೆ. ಅವನ್ನು ನೋಡಿ ಕಟ್ಟಡಗಳಿಗೆ, ಪೀಠೋಪಕರಣಗಳಿಗೆ ಅಲಂಕಾರ ರಚಿಸಿದವರು ಹಲವರು. ಚೆಲುವೆಂದರೆ ಚೆಲುವೇ, ಆದರೆ ಅಲ್ಲಿರುವುದು ಹವಳಕ್ಕಿಂತ ಹೆಚ್ಚಾಗಿ ಹೆಕಲ್‌ನ ಕ್ರಮಪ್ರೀತಿ.

ಹೊನ್ನಾವರದವರಿಗೆ ಈ ಎರಡರ ನಡುವಣ ಆಯ್ಕೆಯನ್ನು ತೋರಿಸಲು ಹೊರಗಿನವರೇ ಬೇಕಿಲ್ಲ. ಅಲ್ಲಿಯೇ 1934ರಲ್ಲಿ ಹುಟ್ಟಿ 2002ರಲ್ಲಿ ತೀರಿಕೊಂಡ ಕೃಷ್ಣಾನಂದ ಕಾಮತರು ವಿಜ್ಞಾನಿ, ಛಾಯಾಗ್ರಾಹಕ, ಗೆರೆಚಿತ್ರಕಾರ, ಬರಹಗಾರ, ಎಲ್ಲವೂ ಆಗಿದ್ದವರು. ಕ್ಯಾಮೆರಾ ಸದಾ ಜೊತೆಗಿದ್ದ ಅವರು ಲೇಖನಿಯ ಗೆರೆಯನ್ನು ಕೈಬಿಡಲಿಲ್ಲ. ಒಂದು ಇರುವೆಯನ್ನೋ ಗಿಡವನ್ನೋ ಗೆರೆಯಲ್ಲಿ ತೋರಿಸುವಾಗ ಬೇಕಾದುದನ್ನು ಉಳಿಸಿ ಬೇಡದುದನ್ನು ಬಿಡಬೇಕು. ಆ ಆಯ್ಕೆಯೇ ತಿಳಿವಳಿಕೆ. ಕ್ಯಾಮೆರಾ ಎಲ್ಲವನ್ನೂ ಒಟ್ಟಿಗೆ ಬಾಚಿಕೊಳ್ಳುತ್ತದೆ. ಕಾಮತರು ಕರಾವಳಿಯ ಕಾವಿ ಕಲೆಯನ್ನು ಹುಡುಕಿ ದಾಖಲಿಸಿದುದು ಬಲ್ಲವರಿಗೆ ಗೊತ್ತು. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆಯನ್ನು ಗೋಡೆಗೆ ಬಳಿದು, ಅದರ ಮೇಲೆ ಹುರಮಂಜಿನ ಕೆಂಪು ಪದರ ಕೊಟ್ಟು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತೆಗೆಯುವ ಕಲೆ ಅದು. ಚಿಪ್ಪೂ ಹವಳದ ಎಲುಬೂ ಒಂದೇ ದ್ರವ್ಯ: ಕಡಲ ಪ್ರಾಣಿ ನೀರಿನಿಂದ ಸೋಸಿ ತೆಗೆದ ಸುಣ್ಣ. ನಮ್ಮ ದೇವಾಲಯಗಳ ಗೋಡೆಗಳ ಕೆಂಪು ಬಿಳಿಗಳ ಚೆಲುವಿನಲ್ಲಿ ಬಿಳಿಯ ಪಾಲು ಸಮುದ್ರಜೀವಿಗಳದು. ಹವಳದ ಕೈಗಲೆಯೆಂದು ಇದನ್ನು ಕರೆಯಲಾಗದು, ಹಾಗೆ ಕರೆಯುವುದು ಎಳೆದಾಟವಾದೀತು. ಆದರೆ ಪ್ರಾಣಿ ಕಟ್ಟಿದ ಸುಣ್ಣವನ್ನು ದ್ರವ್ಯವಾಗಿ ಬಲ್ಲ ಕೈಗಳು ಈ ಕರಾವಳಿಯಲ್ಲಿ ಇದ್ದುವೆಂಬುದನ್ನು ಮರೆಯಬಾರದು.

ಹವಳದ ಕಟ್ಟಡವನ್ನೇ ವಸ್ತುವಾಗಿ ಹಿಡಿದ ಕೈಗಲೆಯೊಂದು ಹುಟ್ಟಿದುದು ತೀರ ಈಚೆಗೆ, ಅದೂ ಕ್ರೋಶಾ ಕಡ್ಡಿಯ ತುದಿಯಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ ದೈನಾ ತೈಮಿನ್ಯಾ ಎಂಬ ಗಣಿತಜ್ಞೆ 1997ರಲ್ಲಿ, ಸಮತಲದ ನಿಯಮಕ್ಕೆ ಒಳಪಡದ ಒಂದು ಬಗೆಯ ತಲವನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಕೆಂದು ದಾರದಲ್ಲಿ ಹೆಣೆದರು. ಉಪಾಯ ಸರಳ. ಇಷ್ಟು ಕುಣಿಕೆಗಳಿಗೆ ಒಂದು ಹೆಚ್ಚಿನ ಕುಣಿಕೆ ಎಂಬ ನಿಯಮವನ್ನು ಸಾಲು ಸಾಲಿಗೂ ತಪ್ಪದೆ ಪಾಲಿಸುವುದು. ಅಂಚು ನಡುವಿಗಿಂತ ಬೇಗ ಬೆಳೆಯುತ್ತದೆ. ಚಪ್ಪಟೆಯಾಗಿರಲು ಜಾಗ ಸಾಲದೆ ಮಡಿಕೆ ಮಡಿಕೆಯಾಗಿ ಏಳುತ್ತದೆ. ಕೋಳಿಜುಟ್ಟಿನ ಹೂವನ್ನು ನೋಡಿದವರಿಗೆ ಈ ಆಕಾರದ ಪರಿಚಯವಿದೆ. ಹವಳದ ಎಷ್ಟೋ ಜಾತಿಗಳ ಆಕಾರವೂ ಇದೇ. ಚಿಕ್ಕ ಜಾಗದಲ್ಲಿ ಹೆಚ್ಚು ಮೈಯನ್ನು ಬೆಳಕಿಗೂ ನೀರಿಗೂ ಒಡ್ಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನವರಾದ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸೋದರಿಯರು 2005ರಲ್ಲಿ ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ, ತಮ್ಮ ನಾಡಿನ ಹವಳದ ದಿಬ್ಬ ಸಾಯುತ್ತಿರುವ ವ್ಯಥೆಯಲ್ಲಿ, ಈ ಕುಣಿಕೆಯಿಂದಲೇ ಒಂದು ಉಣ್ಣೆಯ ದಿಬ್ಬವನ್ನು ಹೆಣೆಯತೊಡಗಿದರು. ಮುಂದೆ ಹಲವು ದೇಶಗಳ ಸಾವಿರಾರು ಜನ, ಹೆಚ್ಚಿನವರು ಹೆಂಗಸರು, ಅದಕ್ಕೆ ಕೈಗೂಡಿಸಿದರು. 2019ರಲ್ಲಿ ಅದು ವೆನಿಸಿನ ಪ್ರಸಿದ್ಧ ಕಲಾಮೇಳದಲ್ಲಿ ಪ್ರದರ್ಶಿತವಾಯಿತು.

ಈ ಕಲೆಯಲ್ಲಿ ನಮಗೆ ಬಹಳ ಮೆಚ್ಚಿಗೆಯಾದುದು ಅದರ ಫಲಕ್ಕಿಂತ ರೀತಿ. ನಮ್ಮ ಕರಾವಳಿಯ ಮನೆಗಳಲ್ಲಿ ಕ್ರೋಶಾ ಹಾಕುವವರಿಗೆ ಒಂದು ಸಂಗತಿ ಗೊತ್ತು. ಮೇಜಿನ ಮೇಲೆ ಹಾಸುವ ದುಂಡನೆಯ ವಸ್ತ್ರ ಹೆಣೆಯುವಾಗ ಕುಣಿಕೆ ಹೆಚ್ಚಾದರೆ ಅಂಚು ಅಲೆಯಲೆಯಾಗಿ ಏಳುತ್ತದೆ. ಹಿರಿಯರು ಅದನ್ನು ತಪ್ಪೆಂದು ಬಿಚ್ಚಿಸಿ ಮತ್ತೆ ಹಾಕಿಸುತ್ತಾರೆ. ಆ ಬಿಚ್ಚಿದ ತಪ್ಪೇ ಹವಳದ ನಿಯಮ. ಹವಳದ ದಿಬ್ಬವನ್ನು ಯಾರೂ ನಕ್ಷೆ ಹಾಕಿ ಕಟ್ಟುವುದಿಲ್ಲ. ಸಾಸಿವೆಯಷ್ಟೋ ಅಕ್ಕಿಕಾಳಿನಷ್ಟೋ ಇರುವ ಒಂದು ಜೀವಿ ತನ್ನ ಬುಡದಲ್ಲಿ ಸುಣ್ಣದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ, ಪಕ್ಕದಲ್ಲಿ ಇನ್ನೊಂದಾಗಿ ಒಡೆಯುತ್ತದೆ, ಅದೂ ಬಟ್ಟಲು ಕಟ್ಟುತ್ತದೆ. ನಿಯಮ ಚಿಕ್ಕದು, ಆವೃತ್ತಿ ಅಪಾರ. ಕ್ರೋಶಾ ಹಾಕುವ ಕೈ ಇದನ್ನು ನಕಲು ಮಾಡುವುದಿಲ್ಲ, ಇದನ್ನೇ ಮಾಡುತ್ತದೆ. ಛಾಯಾಚಿತ್ರ ನೋಡಿದವನಿಗೆ ಹವಳದ ರೂಪ ತಿಳಿಯುತ್ತದೆ. ಕುಣಿಕೆ ಹಾಕಿದವಳಿಗೆ ಅದು ಆ ರೂಪಕ್ಕೆ ಹೇಗೆ ಬಂತೆಂಬುದು ಬೆರಳಿನ ನೋವಿನೊಡನೆ ತಿಳಿಯುತ್ತದೆ.

2021ರ ನವೆಂಬರಿನಲ್ಲಿ ಅಂಕೋಲೆ ಸೀಮೆಯ ಹಾಲಕ್ಕಿ ಹಿರಿಯಳು ತುಳಸಿ ಗೌಡರು ಬರಿಗಾಲಿನಲ್ಲಿ ನಡೆದು ಪದ್ಮಶ್ರೀಯನ್ನು ಸ್ವೀಕರಿಸಿದ ಛಾಯಾಚಿತ್ರ ದೇಶವಿಡೀ ಸುತ್ತಿತು. ಅವರ ಕೊರಳು ತುಂಬಿದ ಮಣಿಸರಗಳು ಆ ಚಿತ್ರದಲ್ಲಿ ಒಂದು ಬಣ್ಣದ ರಾಶಿಯಾಗಿ ಕಂಡವು. ಒಂದೊಂದೇ ಮಣಿಯನ್ನು ದಾರಕ್ಕೇರಿಸಿದ ಕೆಲಸ ಕಾಣಲಿಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ. ದಿಬ್ಬದ ಛಾಯಾಚಿತ್ರಕ್ಕೂ ದಿಬ್ಬಕ್ಕೂ ಇರುವ ಅಂತರ ಇಂಥದೇ.

ಕ್ರೋಶಾ ದಿಬ್ಬವನ್ನೂ ವಿಮರ್ಶೆಯಿಲ್ಲದೆ ಒಪ್ಪಲಾಗದು. ಅದರ ಉಣ್ಣೆಯ ಬಣ್ಣಗಳು ಅಂಗಡಿಯಲ್ಲಿ ಸಿಕ್ಕವು. ಹವಳಕ್ಕೂ ಅವಕ್ಕೂ ಸಂಬಂಧ ಅಷ್ಟಕ್ಕಷ್ಟೆ. ನೋಡುವವರು ಮರಳುವುದು ಅಲ್ಲಿಯೂ ಕೆಂಪು ಗುಲಾಬಿಗಳ ಬಳಿಗೆ. ನಮ್ಮ ಮಟ್ಟಿಗೆ ಇನ್ನೊಂದು ತೊಡಕೂ ಇದೆ. ಕುಣಿಕೆಯ ನಿಯಮಕ್ಕೆ ಒಲಿಯುವುದು ಮಡಿಕೆಯ ಹವಳ. ನೇತ್ರಾಣಿಯಂಥ ಮಬ್ಬುನೀರಿನ ತೀರದಲ್ಲಿ ನೆಲೆ ನಿಲ್ಲುವವು ಹೆಚ್ಚಾಗಿ ಗುಂಡುಕಲ್ಲಿನಂತೆ ಬೆಳೆಯುವವು, ಬಂಡೆಗೆ ಅಂಟಿ ಹರಡುವವು. ಎಲೆಯಂತೆ ಮಡಿಸಿಕೊಂಡವು ಅವುಗಳ ನಡುವೆ ಅಲ್ಲಲ್ಲಿ. ಗುಂಡುಹವಳದ ಚೆಲುವು ಹತ್ತಿರ ಹೋದವರಿಗೆ ಮಾತ್ರ. ಅದರ ಮೈಮೇಲೆ ಜೇನುಹುಟ್ಟಿನಂತೆ ಬಟ್ಟಲಿಗೆ ಬಟ್ಟಲು ಒತ್ತಿಕೊಂಡಿರುತ್ತವೆ. ಒಂದೊಂದರ ಒಳಗೂ ನಡುವಿನಿಂದ ಅಂಚಿಗೆ ಹರಡಿದ ತೆಳುವಾದ ಗೋಡೆಗಳು. ಇದಕ್ಕೆ ಹೊಂದುವುದು ಲೇಖನಿಯ ಚುಕ್ಕಿ, ರಂಗವಲ್ಲಿಯ ಚುಕ್ಕಿ. ಚುಕ್ಕಿಯಿಟ್ಟು ಸುತ್ತ ಗೆರೆ ಎಳೆಯುವುದರಲ್ಲಿ ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾದುದೇನೂ ಇಲ್ಲ. ಹೊನ್ನಾವರ, ಕುಮಟೆಗಳ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ದಾಖಲೆ ಪುಸ್ತಕದಲ್ಲಿ ಅಚ್ಚಿನ ಚಿತ್ರ ನೋಡಿ ಹವಳವನ್ನು ಬರೆಯುವ ಬದಲು, ನೇತ್ರಾಣಿಯ ಒಂದು ಗುಂಡುಹವಳದ ಸಮೀಪಚಿತ್ರವನ್ನು ಮುಂದಿಟ್ಟುಕೊಂಡು ಬಟ್ಟಲು ಬಟ್ಟಲಾಗಿ ಬರೆದರೆ, ಆ ಹಾಳೆ ಪ್ರಾಣಿಶಾಸ್ತ್ರಕ್ಕೂ ಚಿತ್ರಕ್ಕೂ ಸಲ್ಲುತ್ತದೆ. ಅದೇ ಹವಳವನ್ನು ಪ್ರತಿ ಡಿಸೆಂಬರಿನಲ್ಲಿ ಅದೇ ಕೋನದಿಂದ, ಪಕ್ಕದಲ್ಲಿ ಒಂದು ಅಳತೆಗೋಲನ್ನಿಟ್ಟು, ಯಾರ ನಗುಮುಖವೂ ಇಲ್ಲದೆ ಚಿತ್ರ ತೆಗೆಯಲು ಮುಳುಗುವ ಪರಿಣತರ ನೆರವು ಸಾಕು, ಹವಳವನ್ನು ಮುಟ್ಟಬೇಕಾದುದಿಲ್ಲ.

ಇಂಥ ಗುಂಡುಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಒಂದು ಮೀಟರ್ ಎತ್ತರದ್ದೊಂದು ಸಿಕ್ಕಿದರೆ ಅದರ ಕೆಲಸ ನಡೆದು ನೂರು ವರ್ಷಗಳಾಗಿರುತ್ತವೆ; ಅದರ ಚಿತ್ರ ತೆಗೆಯಲು ಕ್ಯಾಮೆರಾಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲು ಸಾಕು. ಈ ಅಂತರವನ್ನು ದಾಟಿದ ಛಾಯಾಚಿತ್ರವೊಂದನ್ನು ನಾವು ಬಲ್ಲೆವು. ಪೆಸಿಫಿಕ್ ಸಾಗರದ ಎನಿವೆಟಾಕ್ ದ್ವೀಪದ ಹವಳವನ್ನು ತೆಳುವಾಗಿ ಸೀಳಿ ಎಕ್ಸ್-ರೇ ಹಿಡಿದಾಗ, ಮರದ ಕಾಂಡದ ಉಂಗುರಗಳಂತೆ ವರ್ಷಕ್ಕೊಂದು ಜೊತೆ ದಟ್ಟ ಮತ್ತು ತೆಳುವಾದ ಪದರಗಳು ಕಂಡವು; 1972ರಲ್ಲಿ ಅದು ಪ್ರಕಟವಾಯಿತು. ಆ ಚಿತ್ರದಲ್ಲಿ ಕೆಂಪಿಲ್ಲ, ನೀಲಿಯಿಲ್ಲ. ಕಪ್ಪು, ಬಿಳಿ, ನಡುವೆ ಬೂದಿ, ಕೈಮಗ್ಗದ ಸೀರೆಯ ಪಟ್ಟೆಗಳ ಹಾಗೆ ಒಂದರ ಮೇಲೊಂದು.